ಮಾಳಿಗೆಯ ಮೇಲೆ ಮೆಲುದನಿಯ ಕೆಂಡೊ

ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ಪ್ಲಾಟು ನೋಡಲು ಹೋಗುತ್ತಾರೆ, ಕೆಲವರು ಚುನಾವಣೆಗೆ ನಿಲ್ಲುತ್ತಾರೆ. ನನಗೆ ಹಿಡಿದದ್ದು ಕೆಂಡೊ, ಎಂದರೆ ಬಿದಿರಿನ ಕತ್ತಿ ಹಿಡಿದು ಆಡುವ ಜಪಾನಿನ ಕತ್ತಿವರಸೆ. ಶಹಾಪುರದ ಹೈಸ್ಕೂಲು ಮಾಸ್ತರನಾದ ನಾನು ಓದಿನ ರಜೆ ಹಾಕಿ ಹೈದರಾಬಾದಿಗೆ ಹೋದಾಗ, ನನ್ನ ಖೋಲಿಯ ಕೆಳಗೇ ಅದರ ಕ್ಲಾಸು ನಡೆಯುತ್ತಿತ್ತು. ಆ ಕೂಗಾಟಕ್ಕೆ ಮೇಲೆ ನಿದ್ದೆ ಬಾರದು. ಹೇಗೂ ನಿದ್ದೆಯಿಲ್ಲ, ನಾನೂ ಹೋಗಿ ಕೂಗೋಣ ಎಂದು ಸೇರಿಕೊಂಡೆ. ಎದುರಾಳಿಯ ತಲೆಗೆ ಹೊಡೆಯುವಾಗ 'ಮೆನ್' ಎಂದು ಕೂಗಬೇಕು. ಕೂಗದೆ ಹೊಡೆದ ಏಟು ಲೆಕ್ಕಕ್ಕಿಲ್ಲ. ಕೂಗುವುದು ನನಗೇನು ಕಷ್ಟ? ನಾನು ಪಾಠ ಮಾಡಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸುತ್ತದೆ ಎಂದು ನಮ್ಮ ಶಾಲೆಯವರೇ ಆಡಿಕೊಳ್ಳುತ್ತಾರೆ.

ಬೇಸಿಗೆಗೆ ಊರಿಗೆ ಹೊರಟಾಗ ಗುರುಗಳು, "ಮರಳಿ ಬಂದ ದಿನ ಒಂದೇ ಏಟು ನೋಡುತ್ತೇನೆ. ಕಾಲು, ಕತ್ತಿ, ದನಿ ಮೂರೂ ಕೂಡಿ ಬಂದರೆ ನಿಮಗೆ ಮುಖಕವಚ" ಎಂದರು. ಕವಚವಿಲ್ಲದವನು ಯಾರೊಡನೆಯೂ ಆಡುವಂತಿಲ್ಲ. ನನಗಂತೂ ಅದರ ಕನಸೇ ಬೀಳತೊಡಗಿತ್ತು.

"ತಲಿಗೆ ಹೊಡಿಸ್ಕೊಳ್ಳಾಕ ಅಷ್ಟು ದೂರ ಹೋಗಬೇಕೇನ್ರಿ? ಇಲ್ಲೇ ಹೇಳಿದ್ರ ಆಗ್ತಿತ್ತು" ಎಂದಳು ನನ್ನ ಹೆಂಡತಿ ಮಹಾದೇವಿ.

ಶಹಾಪುರದಲ್ಲಿ ಕೆಂಡೊ ಕಲಿಸುವವರು ಯಾರು? ನಸುಕಿನಲ್ಲಿ ಮಾಳಿಗೆ ಹತ್ತಿದೆ. ನಮ್ಮೂರ ಗುಡ್ಡದ ಸಾಲು ದೂರದಿಂದ ನೋಡಿದರೆ ಮಲಗಿದ ಬುದ್ಧನಂತಿದೆ: ಹಣೆ, ಮೂಗು, ಎದೆ. ಅಭ್ಯಾಸಕ್ಕೆ ಮೊದಲು ಗುರುವಿಗೆ ಬಾಗಬೇಕಲ್ಲ, ಅವನಿಗೇ ಬಾಗಿದೆ. ಬೇಸಿಗೆಯುದ್ದಕ್ಕೂ ಕಣ್ಣು ತೆರೆಯದ ಗುರು ಸಿಗುವುದು ಶಿಷ್ಯನ ಪುಣ್ಯ. ಮಲಗಿದ್ದವನು ಅವನೊಬ್ಬನೇ ಅಲ್ಲ, ಇಡೀ ಓಣಿಯೇ ಮಾಳಿಗೆಗಳ ಮೇಲೆ ಮಲಗಿತ್ತು. ರಾತ್ರಿಯೆಲ್ಲ ಸೆಕೆಗೆ ಹೊರಳಾಡಿ, ನಸುಕಿನ ತಂಪಿಗೆ ಆಗಷ್ಟೇ ಕಣ್ಣು ಹತ್ತಿದ ಜನ. ಅವರ ನಡುವೆ ನಿಂತು ಕೂಗಲು ಮನಸ್ಸಾಗಲಿಲ್ಲ. 'ಮೆನ್' ಎಂದು ಪಿಸುಗುಟ್ಟಿದೆ.

ಪಕ್ಕದ ಮಾಳಿಗೆಯ ಶಾಂತವ್ವ ಅರೆಗಣ್ಣು ತೆರೆದು, "ಹಂಗ ಸಣ್ಣಗ ಅನಕೋತ ಇರ್ರಿ ಸರ, ನಿದ್ದಿ ಛಲೋ ಹತ್ತತದ" ಎಂದು ಮಗ್ಗುಲು ಬದಲಿಸಿದಳು.

ದಿನವೂ ಅಷ್ಟು ಹೊತ್ತಿಗೆ ಮಹಾದೇವಿ ಹಳೆಯ ಸೀರೆಗಳನ್ನು ಹಾಸಿ ಜೋಳದ ಸಂಡಿಗೆ ಇಡಲು ಬರುತ್ತಿದ್ದಳು. ನನಗೆ ಉಳಿಯುತ್ತಿದ್ದದ್ದು ಎರಡು ಸೀರೆಗಳ ನಡುವಿನ ಕಾಲುದಾರಿ. "ಕಾಲು ಎತ್ತಬ್ಯಾಡ್ರಿ, ಸರಕೋಂತ ಹೋಗ್ರಿ. ಸಂಡಿಗಿ ತುಳದೀರಿ" ಎನ್ನುತ್ತಿದ್ದಳು. ಹೈದರಾಬಾದಿನ ಗುರುಗಳು ಹೇಳುತ್ತಿದ್ದದ್ದೂ ಇದನ್ನೇ, ಸಂಡಿಗೆಯ ಮಾತೊಂದನ್ನು ಬಿಟ್ಟು. ಹೀಗೆ ದಿನಗಳು ಸರಿದವು. ಗುಡ್ಡದ ಮೂಗಿನ ಮೇಲೆ ಬೆಳಕು ಮೂಡುವ ಹೊತ್ತಿಗೆ ಕತ್ತಿ ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಎಚ್ಚರವಿದ್ದೇನೋ, ನಾನೂ ಮಲಗಿ ಇದನ್ನೆಲ್ಲ ಕನಸಿನಲ್ಲಿ ಕಾಣುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಅಷ್ಟು ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಬೇಸಿಗೆ ಮುಗಿಯಿತು. ಹೈದರಾಬಾದಿನಲ್ಲಿ ಗುರುಗಳು ಎದುರಿಗೆ ನಿಂತರು. ಕವಚ ಅವರ ಪಕ್ಕದಲ್ಲೇ ಇತ್ತು. ನನ್ನ ಕಾಲು ನುಣ್ಣಗೆ ಸರಿಯಿತು, ಕತ್ತಿ ನೇರ ಇಳಿಯಿತು. ಬಾಯಿಂದ ಮಾತ್ರ ಕೂಸನ್ನು ತಟ್ಟಿ ಮಲಗಿಸುವ ದನಿಯಲ್ಲಿ 'ಮೆನ್' ಎಂದು ಬಂತು. ಗುರುಗಳು ಅತ್ತಿತ್ತ ನೋಡಿ, "ಇಲ್ಲಿ ಯಾರು ಮಲಗಿದ್ದಾರೆ?" ಎಂದು ಕೇಳಿದರು. ಶಹಾಪುರವೇ ಮಲಗಿದೆ ಎಂದು ಹೇಗೆ ಹೇಳಲಿ? ಕವಚ ಕಪಾಟಿಗೆ ಮರಳಿತು. ಈ ವಯಸ್ಸಿನಲ್ಲಿ ಅಳು ಬಂದರೆ ನೆಗಡಿ ಎಂದು ಹೇಳಿಕೊಳ್ಳಬೇಕಾಗುತ್ತದೆ, ಹಾಗೇ ಹೇಳಿಕೊಂಡೆ.

ಸಂಜೆ ಮಹಾದೇವಿಗೆ ಫೋನು ಮಾಡಿದೆ. ಎಲ್ಲ ಕೇಳಿ ಅವಳು, "ಓಣಿ ಮಂದಿ ನಿದ್ದಿಗಿ ಅಷ್ಟು ಮರ್ಯಾದಿ ಕೊಟ್ಟೀರಿ, ಛಲೋ ಆತು. ಚಾ ತಡಾ ಆದ್ರ ನನ್ನ ಮ್ಯಾಲ ಹಾಕ್ತೀರಲ್ಲ, ಆ ದನಿ ಒಂದೀಟು ಒಯ್ಯಬೇಕಿತ್ತು" ಎಂದಳು.

ಜೋರಾಗಿಯೇ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. "ಹೌದಲ್ಲ" ಎಂದು ಬಂದದ್ದು ಮಾಳಿಗೆಯ ಅದೇ ಪಿಸುದನಿ. ಅವಳಿಗೆ ಅದು ಕೇಳಿಸಲೇ ಇಲ್ಲ.