ಬೊಳ್ಳಿಯನ್ನು ಕಳುಹಿಸಿದ್ದು ಯಾರು?

ನಿರ್ಧಾರ ತೆಗೆದುಕೊಳ್ಳುವುದೆಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬೆಳ್ತಂಗಡಿಯ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಇಪ್ಪತ್ತು ವರ್ಷ ನೆಮ್ಮದಿಯಿಂದ ಕಳೆದದ್ದೂ ಇದರಿಂದಲೇ. ಯಾವ ಕಡತ ಬಂದರೂ ಕೊನೆಯಲ್ಲಿ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಮೇಲಿನವರ ಮೇಜಿಗೆ ದಾಟಿಸಿದರೆ ಮನಸ್ಸು ಹಗುರ. ಸೀರೆ ಅಂಗಡಿಯಲ್ಲೂ ಬಣ್ಣ ಆರಿಸುವವನು ಅಂಗಡಿಯವನೇ. ಮನೆಗೆ ಬಂದ ಮೇಲೆ ಅವನನ್ನು ಬಯ್ಯುವ ಕೆಲಸ ಮಾತ್ರ ನನ್ನದು. ಉಳಿದ ಸಂಗತಿಗಳನ್ನು ದುಬೈಯಲ್ಲಿರುವ ಗಂಡನ ತಲೆಗೆ ಫೋನಿನಲ್ಲಿ ಕಟ್ಟುತ್ತೇನೆ.

ಆದರೆ ಅಮ್ಮನ ದನ ಬೊಳ್ಳಿಯ ವಿಷಯ ಯಾರ ತಲೆಗೂ ಕಟ್ಟಲಾಗಲಿಲ್ಲ. ಅಮ್ಮನಿಗೆ ಎಪ್ಪತ್ತಾರು, ಜೊತೆಗೆ ಮೊಣಕಾಲು ನೋವು. ಒಂದೇ ತಿಂಗಳಲ್ಲಿ ಎರಡು ಸಲ, ಸೆಗಣಿ ಬಾಚುವಾಗ ಹಟ್ಟಿಯಲ್ಲಿ ಜಾರಿ ಬಿದ್ದಳು. ಎರಡನೆಯ ಸಲವಂತೂ ಏಳಲಾಗದೆ, ನಾನು ಆಫೀಸಿನಿಂದ ಬರುವವರೆಗೆ ದನದ ಪಕ್ಕದಲ್ಲೇ ಕೂತಿದ್ದಳು. ಬೊಳ್ಳಿ ಜೊತೆಗಿದ್ದುದರಿಂದ ಬೇಸರವಾಗಲಿಲ್ಲ ಎಂದು ನನಗೇ ಸಮಾಧಾನ ಹೇಳಿದಳು. ಬೊಳ್ಳಿಯನ್ನು ಬೆಳುವಾಯಿಯ ಚಿಕ್ಕಮ್ಮನ ಮನೆಗೆ ಕಳುಹಿಸದೆ ಉಪಾಯವಿರಲಿಲ್ಲ. ಆದರೆ ಅದನ್ನು ಅಮ್ಮನಿಗೆ ಹೇಳುವವರು ಯಾರು? ನಿನ್ನ ಅಮ್ಮನ ದನ, ನೀನೇ ನೋಡು ಎಂದು ಗಂಡ ಕೈ ತೊಳೆದುಕೊಂಡರು.

ಕೊನೆಗೆ ಅಮ್ಮನ ಮೊಣಕಾಲು ನೋಡುವ ಡಾಕ್ಟರರನ್ನು ಹಿಡಿದೆ. ಅಂದರೆ ಅವರ ಹೆಸರನ್ನು. ಇನ್ನು ದನ ಸಾಕಕೂಡದೆಂದು ಡಾಕ್ಟರರು ಖಂಡಿತವಾಗಿ ಹೇಳಿದ್ದಾರೆ ಎಂದೆ. ಮರುದಿನ ನಾನು ಆಫೀಸಿಗೆ ಹೋದದ್ದೇ ತಡ, ಅಮ್ಮ ರಿಕ್ಷಾ ಹಿಡಿದು ಕ್ಲಿನಿಕ್ಕಿಗೆ ಹೋಗಿ ವಿಚಾರಿಸಿಯೇ ಬಿಟ್ಟಳು. ದನದ ಸುದ್ದಿಯನ್ನು ತಾವು ಎತ್ತಿಯೇ ಇಲ್ಲ, ತಮ್ಮ ಮನೆಯಲ್ಲೂ ಎರಡು ಉಂಟು ಎಂದರಂತೆ ಆ ಪುಣ್ಯಾತ್ಮರು.

ಸಂಜೆ ಅಮ್ಮ ಜಗಲಿಯಲ್ಲೇ ಕಾಯುತ್ತಿದ್ದಳು. “ಡಾಕ್ಟ್ರ ಹತ್ರ ನಾನು ಜಗಳ ಮಾಡ್ಲಿಕ್ಕಾಗ್ತದಾ ಮಗಾ? ನೀನು ಹೇಳಿದ್ರೆ ನಿನ್ನ ಹತ್ರ ಆದ್ರೂ ಮಾಡ್ಬಹುದಿತ್ತು,” ಎಂದಳು.

ನನಗೆ ತಲೆ ಎತ್ತಲಾಗಲಿಲ್ಲ. “ಹಾಗಾದ್ರೆ ನಾನೇ ಹೇಳ್ತೇನೆ ಅಮ್ಮ. ಬೊಳ್ಳಿಯನ್ನು ಕಳಿಸುವ. ನೀನು ಇನ್ನೊಮ್ಮೆ ಬಿದ್ರೆ ನನಗೆ ನೋಡ್ಲಿಕ್ಕೆ ಧೈರ್ಯ ಇಲ್ಲ.”

ಅಮ್ಮ ಜಗಳ ಮಾಡಿದಳು, ಮೂರು ದಿನ. ಅಜ್ಜಿಯ ಕಾಲದಿಂದ ಆ ಹಟ್ಟಿ ಖಾಲಿಯಾದದ್ದಿಲ್ಲ ಎಂದಳು. ಸಣ್ಣವಳಿದ್ದಾಗ ನಾನು ಕುಡಿದ ಹಾಲನ್ನೆಲ್ಲ ನೆನಪಿಸಿದಳು. ನಾನು ಮಾಡಿದ ಕಾಫಿ ಮುಟ್ಟಲಿಲ್ಲ. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲು ನನಗೆ ದಿನಕ್ಕೆ ಹತ್ತು ಸಲ ಮನಸ್ಸಾಯಿತು. ನಾಲ್ಕನೆಯ ದಿನ ಅವಳೇ ಬೊಳ್ಳಿಯನ್ನು ಮೀಯಿಸಿ, ಬೆಲ್ಲ ತಿನ್ನಿಸಿ, ಪಿಕಪ್ಪಿಗೆ ಹತ್ತಿಸಿದಳು. ಅತ್ತದ್ದು ನಾನು.

ಬೊಳ್ಳಿ ಅಲ್ಲಿ ಹುಲ್ಲು ಮುಟ್ಟಲಿಕ್ಕಿಲ್ಲ, ಕೊರಗಿಯಾಳು, ಆ ಪಾಪವೂ ನನ್ನದೇ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ವಾರ ಕಳೆದು ಚಿಕ್ಕಮ್ಮ ಫೋನ್ ಮಾಡಿ, ಇಲ್ಲಿ ಅರ್ಧ ಲೀಟರು ಹೆಚ್ಚೇ ಹಾಲು ಕೊಡುತ್ತಿದ್ದಾಳೆ ಎಂದರು. ಅಮ್ಮನ ಮುಖವೂ ನನ್ನ ಮುಖವೂ ಒಟ್ಟಿಗೇ ಬಾಡಿದವು. ಆ ಭಾನುವಾರವೇ ಇಬ್ಬರೂ ಹೋಗಿ ನೋಡಿದೆವು. ಬೊಳ್ಳಿ ಅಮ್ಮನ ಕೈಯನ್ನು ನೆಕ್ಕಿಯೇ ನೆಕ್ಕಿದಳು. ನನ್ನನ್ನು ಕಂಡು ಮುಖ ತಿರುಗಿಸಿದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ಅಮ್ಮ ಇಡೀ ಕಥೆ ಹೇಳಿದಳು. ಅಂಥ ದನವನ್ನು ಕಳುಹಿಸಿದ್ದು ಯಾರು ಎಂದು ಆಕೆ ಕೇಳಿದಳು. “ಇವಳೇ,” ಎಂದು ಅಮ್ಮ ನನ್ನತ್ತ ಗಲ್ಲ ಎತ್ತಿದಳು. ಅದು ದೂರೋ ಹೆಮ್ಮೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಹೌದು, ನಾನೇ,” ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಜೀವಮಾನದಲ್ಲಿ ಮೊದಲ ಸಲ ಜವಾಬ್ದಾರಿ ಹೊತ್ತ ಗಾಂಭೀರ್ಯದಿಂದ, ಮೂಡುಬಿದಿರೆ ಬರುವವರೆಗೂ ನಾನು ಕಿಟಕಿಯ ಹೊರಗೇ ನೋಡುತ್ತ ಕೂತಿದ್ದೆ.