ದೋಸೆ ಹೊಯ್ಯುವವನ ಮೊಣಕಾಲಿಗೆ ತಾಯ್ ಚಿ ಕಲಿಸಿದವರಿಗೆ

ಗಂಗಾಪುರ ರಸ್ತೆಯ ಉದ್ಯಾನದಲ್ಲಿ ಪ್ರತಿ ಬೆಳಿಗ್ಗೆ ಹದಿನಾಲ್ಕು ಜನರ ಇಪ್ಪತ್ತೆಂಟು ಸವೆದ ಮೊಣಕಾಲುಗಳನ್ನು ಆಳುತ್ತಿರುವ ಮಾನ್ಯ ಮಂಗಲಾ ಮೇಡಂ ಅವರ ಸನ್ನಿಧಿಗೆ, ನಾಸಿಕದ ತನ್ನದೇ ಉಡುಪಿ ಹೋಟೆಲಿನ ಕಾವಲಿಯ ಮುಂದೆ ಇಪ್ಪತ್ತಾರು ವರ್ಷ ನಿಂತು ದೋಸೆ ಹೊಯ್ದ ಜಯರಾಮನು, ಈಗ ಬಗ್ಗಲು ಆಗುತ್ತಿರುವುದರಿಂದ, ಬಗ್ಗಿಯೇ ಮಾಡುವ ನಮಸ್ಕಾರಗಳು. ತಮಗೆ ಕನ್ನಡ ಓದಲು ಬರುವುದಿಲ್ಲವೆಂಬ ಧೈರ್ಯದಿಂದಲೇ ಈ ದೂರನ್ನು ನಮ್ಮ ಕನ್ನಡ ಸಂಘದ ವಾರ್ತಾಪತ್ರಕ್ಕೆ ಕೊಡುತ್ತಿದ್ದೇನೆ.

ಮಾನ್ಯರೇ, ನನ್ನ ಸಂಕಟ ತಮಗೆ ತಿಳಿದದ್ದೇ. ಎಡ ಮೊಣಕಾಲು ಸವೆದು, ಅರ್ಧ ಗಂಟೆ ನಿಂತರೆ ಸ್ಟೂಲು ಹುಡುಕುವ ಸ್ಥಿತಿಗೆ ನಾನು ಬಂದಾಗ, ನನ್ನ ಮಗ ಸುಜಿತ್ ಒಂದು ಕಡೆ ಹಿಟ್ಟು ಸುರಿದರೆ ಇನ್ನೊಂದು ಕಡೆ ದೋಸೆ ಸುರುಳಿಯಾಗಿ ಬೀಳುವ ಯಂತ್ರದ ಚಿತ್ರವನ್ನು ಫೋನಿನಲ್ಲಿ ತೋರಿಸಿದ. ದಸರೆಯೊಳಗೆ ಒಂದು ಭಾನುವಾರ ಏಳರಿಂದ ಹನ್ನೊಂದರವರೆಗೆ ಕೂರದೆ ನಿಂತರೆ ಕಾವಲಿ ನನ್ನದು, ಇಲ್ಲವಾದರೆ ಯಂತ್ರದ್ದು ಎಂದು ಅವನು ಕರಾರು ಹಾಕಿದ. ತಾಯ್ ಚಿ ಎಂಬ ಚೀನೀಯರ ನಿಧಾನದ ವ್ಯಾಯಾಮದಿಂದ ಮೊಣಕಾಲಿನ ಸುತ್ತಲ ಸ್ನಾಯುಗಳಿಗೆ ಬಲ ಬರುತ್ತದೆ ಎಂದು ಡಾಕ್ಟರರು ನನ್ನನ್ನು ಉದ್ಯಾನದ ತಮ್ಮ ವರ್ಗಕ್ಕೆ ಅಟ್ಟಿದರು.

ಮೋಡ ತೇಲುವಂತೆ ಕೈ ಆಡಿಸಿ ಎಂದು ತಾವು ಅಪ್ಪಣೆ ಕೊಟ್ಟಿರಿ. ಮೋಡದ ವಿಚಾರ ನನಗೇನು ಗೊತ್ತು? ನನ್ನ ಕೈಗೆ ಗೊತ್ತಿರುವುದು ಹಿಟ್ಟು ಮಾತ್ರ. ಕೈ ಮೂರು ಸುತ್ತು ಸುತ್ತಿ, ರೂಢಿಯಂತೆ, ಅಲ್ಲಿಲ್ಲದ ಕಾವಲಿಗೆ ಬೆರಳ ತುದಿಯಿಂದ ಇಲ್ಲದ ನೀರು ಚಿಮುಕಿಸಿತು. ಆಯ ತಪ್ಪಿದರೆ ಹಿಡಿಯಲು ಕಂಬಿ ಹತ್ತಿರವಿರಲಿ ಎಂದು ತಾವೇ ನನ್ನನ್ನು ಮುಂದಿನ ಸಾಲಿಗೆ ತಂದಿದ್ದರಿಂದ, ಹಿಂದಿದ್ದವರೆಲ್ಲ ಇದೂ ವಿದ್ಯೆಯ ಭಾಗವೆಂದು ನಂಬಿ ಚಿಮುಕಿಸತೊಡಗಿದರು. ನಿವೃತ್ತ ರೈಲ್ವೆ ಗಾರ್ಡ್ ಶ್ರೀಮಂತ ಕಾಕಾ ಅದನ್ನು ಇಗತಪುರಿಯ ಗೆಳೆಯರಿಗೆ ಕಲಿಸಿದರು. ಅದರ ವಿಡಿಯೊ ನೋಡಿ ಸಂಭಾಜಿನಗರದ ತಮ್ಮ ಶಿಷ್ಯೆಯೂ ಮಣಿಕಟ್ಟಿಗೆ ಬಹಳ ಒಳ್ಳೆಯದೆಂದು ತನ್ನ ವರ್ಗಕ್ಕೆ ಹೇಳಿಕೊಟ್ಟಳಂತೆ. ಮೂರನೆಯ ವಾರ ತಾವೂ ಚಿಮುಕಿಸಿದಿರಿ. ನಾನು ಬಾಯಿ ಬಿಡಲಿಲ್ಲ, ಕ್ಷಮಿಸಬೇಕು.

ನನ್ನ ದೂರು ಇಷ್ಟೇ ಅಲ್ಲ. ಉದ್ಯಾನದಲ್ಲಿ ಕಲಿತ ನಿಧಾನ ಕಾವಲಿಗೂ ಬಂದು, ಒಂದು ಮಸಾಲೆ ದೋಸೆ ಮುಗಿಯುವಷ್ಟರಲ್ಲಿ ತ್ರ್ಯಂಬಕದ ಬಸ್ಸು ಹಿಡಿಯಬೇಕಾದವರು ವಡಾಪಾವ್ ಗಾಡಿಗೆ ಓಡುತ್ತಿದ್ದಾರೆ. ಆದ್ದರಿಂದ ನಾಸಿಕದ ಸಮಸ್ತ ನಾಗರಿಕರು ಇನ್ನು ಮೇಲೆ ನಿಧಾನವಾಗಿ ಹಸಿಯಬೇಕೆಂದು ತಾವು ಆಜ್ಞಾಪಿಸಬೇಕು, ಬಸ್ಸಿನ ಡ್ರೈವರುಗಳನ್ನೂ ತಮ್ಮ ವರ್ಗಕ್ಕೆ ಸೇರಿಸಿಕೊಳ್ಳಬೇಕು.

ಕೊನೆಗೆ ಆ ಭಾನುವಾರ ಬಂತು. ತಾವು ಕಲಿಸಿದಂತೆ ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುತ್ತ ಹನ್ನೊಂದು ಹೊಡೆಯುವವರೆಗೆ ನಿಂತೆ. ಸುಜಿತ್ ಯಂತ್ರದವರಿಗೆ ಫೋನ್ ಮಾಡಿ ಬೇಡವೆಂದ. ಗೆದ್ದ ಗತ್ತಿನಲ್ಲಿ ಒಳಗೆ ಹೋದರೆ, ನನ್ನ ಹೆಂಡತಿ ಸುಗುಣಾ ಚಟ್ನಿ ರುಬ್ಬುವ ಗ್ರೈಂಡರಿನ ಅಂಚು ಹಿಡಿದು ಮೆಲ್ಲನೆ ಏಳುತ್ತಿದ್ದಳು.

“ನಿಮ್ಮ ಕಾಲು ಸಮ ಆಯ್ತಲ್ಲ, ಒಳ್ಳೇದಾಯ್ತು,” ಎಂದಳು. “ನಂದು ಎಂಟು ವರ್ಷದಿಂದ ನೋಯ್ತಾ ಉಂಟು. ಯಾರಾದ್ರೂ ಕೇಳಿದ್ದುಂಟಾ?”

ದೀಪದ ಬುಡದಲ್ಲೇ ಕತ್ತಲೆ. ಮೂರು ಮಾರು ದೂರದಲ್ಲಿ ಅವಳು ಹಾಗೆ ಹಿಡಿದು ಏಳುವುದನ್ನು ದಿನವೂ ಕಂಡಿದ್ದೆ, ಅದು ಅವಳ ಅಭ್ಯಾಸವೆಂದುಕೊಂಡಿದ್ದೆ. ನಾಚಿಕೆಯಾಯಿತು, ಮೇಡಂ. ಮರುದಿನದಿಂದಲೇ ಅವಳು ತಮ್ಮ ವರ್ಗದಲ್ಲಿದ್ದಾಳೆ, ಬೆಳಿಗ್ಗೆ ಅವಳು ಬರುವವರೆಗೆ ನಾನು ಚಟ್ನಿಯ ಮುಂದಿರುತ್ತೇನೆ. ಒಬ್ಬ ಒಳ್ಳೆಯ ದೋಸೆಯವನನ್ನು ಕೆಟ್ಟ ಚಟ್ನಿಯವನನ್ನಾಗಿ ಮಾಡಿದ ಹೊಣೆಯನ್ನು ತಾವೇ ಹೊರಬೇಕು.

ನಿಂತುಕೊಂಡೇ ಸಹಿ ಹಾಕುತ್ತಿರುವ
ತಮ್ಮ ವಿಶ್ವಾಸಿ,
ಜಯರಾಮ

ತಾ.ಕ.: ಸುಗುಣಾಳನ್ನು ತಾವು ಮೊದಲ ದಿನವೇ ಎಲ್ಲರೆದುರು ಹೊಗಳಿದಿರಂತೆ, ಹನ್ನೆರಡು ವಾರಗಳಲ್ಲಿ ನನಗೆ ಆ ಭಾಗ್ಯ ಸಿಗಲಿಲ್ಲ. ಅದು ಹಾಗಿರಲಿ. ಚಟ್ನಿಗೆ ಉಪ್ಪೆಷ್ಟು ಎಂದು ದಯವಿಟ್ಟು ತಾವೇ ಅವಳಿಂದ ಕೇಳಿ ತಿಳಿಸಬೇಕು. ನಾನು ಕೇಳಿದರೆ, “ನಾನೂ ಎಂಟು ವರ್ಷ ಬಿಟ್ಟೇ ಹೇಳ್ತೇನೆ” ಅನ್ನುತ್ತಾಳೆ.