ಮಡಿಯಾದ ಫೋನು

ಕಂಪ್ಯೂಟರು ದೊಡ್ಡದಾಗಿದ್ದಾಗ ನಾನು ಅದಕ್ಕೆ ಹೆದರುತ್ತಿದ್ದೆ. ಅದು ಸಣ್ಣದಾಗುತ್ತ ಬಂದ ಹಾಗೆಲ್ಲ ನನ್ನ ಹೆದರಿಕೆಯೂ ಸಣ್ಣದಾಗುತ್ತ ಬಂತು. ನನ್ನ ತಪ್ಪು ಅದೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದವಾನಿಯ ಹತ್ತಿ ಗಿರಣಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದಾಗ ಮೊದಲ ಕಂಪ್ಯೂಟರು ಬಂತು. ಅದಕ್ಕೊಂದು ಬೇರೆ ಕೋಣೆ, ಗಾಜಿನ ಬಾಗಿಲು, ತಂಪು ಮಾಡುವ ಯಂತ್ರ. ಗಿರಣಿಯ ತುಂಬ ಹತ್ತಿಯ ನವಿರು ಹಾರಾಡುತ್ತಿದ್ದುದರಿಂದ ನಾವು ಮೈ ಝಾಡಿಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಲು ಹೋದ ನನ್ನ ಕೈಯನ್ನು ಮ್ಯಾನೇಜರು ಗಟ್ಟಿಯಾಗಿ ಹಿಡಿದುಕೊಂಡು, "ಗ್ವಾಡಿಗೆ ಹಚ್ಚಪ್ಪ, ಅದಕ್ಕ ತಲಪತೈತಿ" ಅಂದಿದ್ದರು. ಆಮೇಲೆ ಅದು ಕೋಣೆಯಿಂದ ಮೇಜಿಗೆ ಬಂತು, ಮೇಜಿನಿಂದ ತೊಡೆಗೆ ಇಳಿಯಿತು, ಕೊನೆಗೆ ತೊಡೆಯಿಂದ ಅಂಗಿಯ ಜೇಬಿಗೆ ಹತ್ತಿತು. ಜೇಬಿನಲ್ಲಿ ಇರುವ ವಸ್ತುವಿಗೆ ಯಾರು ಹೆದರುತ್ತಾರೆ? ಅಡಿಕೆ ಪೊಟ್ಟಣಕ್ಕೆ ಕೊಡುವಷ್ಟೇ ಮರ್ಯಾದೆಯನ್ನು ನಾನು ಅದಕ್ಕೂ ಕೊಡತೊಡಗಿದೆ.

ಈ ವರ್ಷ ಕೊಂಡ ಹೊಸ ಫೋನಿನ ಕಥೆ ಇನ್ನೂ ಒಂದು ಕೈ ಮೇಲು. ಅಂಗಡಿಯವನು ನನ್ನ ಎದುರಿಗೇ ಅದನ್ನು ನೀರು ತುಂಬಿದ ಸ್ಟೀಲಿನ ಚೊಂಬಿನಲ್ಲಿ ಮುಳುಗಿಸಿ ತೆಗೆದ. ನಾನು ಅಯ್ಯೋ ಎಂದೆ. ಅವನು ಮಾತ್ರ ಕರ್ಚೀಫಿನಿಂದ ಒರೆಸುತ್ತ, "ಏಮೀ ಕಾದು ಸ್ವಾಮೀ, ಏನೂ ಆಗಂಗಿಲ್ಲ. ನೀವು ಹೊಳ್ಯಾಗ ಒಯ್ದು ಸ್ನಾನ ಮಾಡಿಸಿದ್ರೂ ಇದಕ್ಕ ನೆಗಡಿ ಸೈತ ಆಗಂಗಿಲ್ಲ" ಅಂದ. ಮಾರುವವನ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವವರು ಜಗತ್ತಿನಲ್ಲಿ ಕಡಿಮೆ. ಆ ಕಡಿಮೆಯವರಲ್ಲಿ ನಾನೊಬ್ಬ.

ಕಾರ್ತಿಕ ಮಾಸದಲ್ಲಿ ತುಂಗಭದ್ರೆಯಲ್ಲಿ ಮಿಂದು ತೀರಿಹೋದ ಹಿರಿಯರಿಗೆಲ್ಲ ತರ್ಪಣ ಬಿಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಒಬ್ಬೊಬ್ಬರ ಹೆಸರು, ಗೋತ್ರ ಹೇಳಿ, ಬೊಗಸೆಯಿಂದ ಮೂರು ಮೂರು ಸಲ ಎಳ್ಳುನೀರು ಬಿಡಬೇಕು. ಅಪ್ಪ, ಅಜ್ಜ, ಮುತ್ತಜ್ಜ ಬಾಯಿಪಾಠ. ಅಲ್ಲಿಂದ ಆಚೆ ಚಿಕ್ಕಪ್ಪಂದಿರು, ಸೋದರತ್ತೆಯರು, ಸೋದರಮಾವಂದಿರು ಎಂದು ಹಬ್ಬುತ್ತ ಹೋದರೆ ನನ್ನ ನೆನಪು ಕೈಕೊಡುತ್ತದೆ. ಅಪ್ಪ ಅವನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟಿದ್ದ. ನಾನು ಅದನ್ನು ಎರಡು ದಿನ ಕೂತು ಫೋನಿಗೆ ಇಳಿಸಿದೆ. ಅದೇ ಹಾಳೆಯ ಕೆಳಗೆ, ಜಾಗ ಖಾಲಿ ಇದೆಯಲ್ಲ ಎಂದು, ಪ್ರಯಾಣಕ್ಕೆ ನೆನಪಿಡಬೇಕಾದದ್ದನ್ನೂ ಬರೆದುಕೊಂಡೆ: ಯಾರನ್ನು ಎಷ್ಟು ಗಂಟೆಗೆ ಹತ್ತಿಸಿಕೊಳ್ಳಬೇಕು ಎಂದು ಗುಮಾಸ್ತನ ಅಭ್ಯಾಸದಂತೆ ಪೂರ್ತಿ ಹೆಸರಿನಲ್ಲಿ, ಯಾರಿಗೆ ಫೋನು ಮಾಡಬೇಕು, ಎಳ್ಳು, ದರ್ಭೆ, ಬಾಳೆಎಲೆ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಬೆಳೆದವರ ಬುದ್ಧಿ ಇದು. ಕೊನೆಯೇ ಇಲ್ಲದ ಹಾಳೆಯಲ್ಲೂ ಉಳಿತಾಯ ಮಾಡುತ್ತೇವೆ. ಹೆಂಡತಿ ವಹಿಯನ್ನು ಚೀಲದಲ್ಲಿ ಇಡಲು ಬಂದಳು. "ಅದ್ಯಾಕ, ಎಲ್ಲಾ ಇದರಾಗ ಐತಿ" ಎಂದು ಜೇಬು ತಟ್ಟಿ ತೋರಿಸಿದೆ.

ನನ್ನ ಜೊತೆಗೆ ಬಂದವರು ಸೀನಮಾಮ ಮತ್ತು ಅವನ ಹೆಂಡತಿ ಇಂದಿರತ್ತೆ. ಸೀನಮಾಮ ನನ್ನ ತಾಯಿಯ ತಮ್ಮ, ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತನಾಗಿ ನಿವೃತ್ತನಾದವನು. ಎಂಬತ್ತರ ಹತ್ತಿರ ಬಂದಿದ್ದಾನೆ. ತಾಯಿಯ ಕಡೆಯವರಲ್ಲಿ ನನ್ನನ್ನು 'ಏನೋ ಲೇ' ಎಂದು ಕರೆಯಲು ಉಳಿದಿರುವ ಕೊನೆಯ ಬಾಯಿ ಅವನದು. ನಮಗೆಲ್ಲ ಅಮರಕೋಶದಿಂದ ಹಿಡಿದು ಹಳೆಯ ಕಥೆಗಳವರೆಗೆ ಹೇಳಿಕೊಟ್ಟವನು. ಈ ಬೇಸಿಗೆಯಲ್ಲಿ ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡ ಮೇಲೆ ಮಾತ್ರ ತೀರ ಪುಕ್ಕಲನಾಗಿದ್ದ. ಹಲ್ಲಿ ಲೊಚಗುಟ್ಟಿದರೂ ಪಂಚಾಂಗ ತೆಗೆಸುತ್ತಿದ್ದ. "ಹೊಳಿ ಕಂಡ್ರ ಅವರಿಗೆ ಒಂದೀಟು ಧೈರ್ಯ ಬರತೈತಿ, ಕರ್ಕೊಂಡು ಹೋಗಪ್ಪ" ಎಂದು ಇಂದಿರತ್ತೆಯೇ ಕೇಳಿಕೊಂಡಿದ್ದಳು. ನಮ್ಮ ಓಣಿಯ ಮಹಬೂಬನ ಗಾಡಿಯಲ್ಲಿ ನಂದವರಂ ದಾಟಿ ಹೊಳೆ ಮುಟ್ಟಿದಾಗ ಬಿಸಿಲು ಹಿತವಾಗಿತ್ತು. ಹೊಳೆದಂಡೆಯ ಊರಿನ ಪುರೋಹಿತರಾದ ಭೀಮಾಚಾರ್ಯರು ಮೆಟ್ಟಿಲ ಮೇಲೆ ನಮಗಾಗಿ ಕಾಯುತ್ತಿದ್ದರು.

ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ನಾನು ಮೆಟ್ಟಿಲ ಮೇಲಿಟ್ಟಿದ್ದ ಫೋನಿಗೆ ಕೈ ಚಾಚಿದೆ. ಆಚಾರ್ಯರು ತಡೆದರು.

"ಮಡಿಯಾಗ ಅದನ್ನ ಮುಟ್ತೀರೇನು? ಯಾರ್‍ಯಾರು ಮುಟ್ಟಿದ್ದೋ ಏನೋ."

"ತೊಳೆದ್ರ ನಡೀತೈತಿ ಅಲ್ರಿ?"

"ತಂಬಿಗಿ ಆದ್ರ ತೊಳೀಬಹುದು. ಇದನ್ನ ಹ್ಯಾಂಗ ತೊಳೀತೀರಿ?"

ನಾನು ಹ್ಯಾಗೆ ಎಂದು ತೋರಿಸಿದೆ. ಫೋನನ್ನು ತುಂಗಭದ್ರೆಯಲ್ಲಿ ಮೂರು ಸಲ ಅದ್ದಿ ಎತ್ತಿದೆ. ಇಂದಿರತ್ತೆ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಮೆಟ್ಟಿಲ ಮೇಲೆ ಶೇಂಗಾ ಸುಲಿಯುತ್ತಿದ್ದ ಮಹಬೂಬ್ ಎದ್ದು ನಿಂತುಬಿಟ್ಟ. ಫೋನು ಥಳಥಳ ಹೊಳೆಯುತ್ತ ಹೊರಗೆ ಬಂತು, ನಮ್ಮ ಮನೆತನದ ಪಟ್ಟಿ ಹಾಗೆಯೇ ಇತ್ತು. ಆ ಒಂದು ಗಳಿಗೆಯಲ್ಲಿ ನನಗೆ ಬಂದ ಗತ್ತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಂಗಡಿಯವನು ಹೇಳದೆ ಬಿಟ್ಟ ಮಾತೊಂದಿತ್ತು. ನೀರಿನಲ್ಲಿ ಮುಳುಗಿದರೆ ಈ ಫೋನು ಸಾಯುವುದಿಲ್ಲ, ನಿಜ. ಆದರೆ ಮೇಲೆ ಬಿದ್ದ ನೀರಿನ ಹನಿಯನ್ನೂ ಅದು ಬೆರಳು ಎಂದೇ ತಿಳಿಯುತ್ತದೆ. ನನ್ನ ಎಡ ಅಂಗೈಯಲ್ಲಿ ಫೋನು, ಬಲಗೈಯಲ್ಲಿ ಎಳ್ಳು. ಹೆಸರು ನೋಡಿಕೊಂಡು ಫೋನನ್ನು ಮೆಟ್ಟಿಲ ಮೇಲೆ ಇಡುವುದು, ಬೊಗಸೆ ನೀರು ಬಿಡುವುದು, ಮತ್ತೆ ಒದ್ದೆ ಕೈಯಿಂದ ಎತ್ತುವುದು. ಒಂದೊಂದು ಹನಿ ಬಿದ್ದಾಗಲೂ ಹಾಳೆ ತಾನಾಗಿಯೇ ಅಷ್ಟಷ್ಟು ಕೆಳಗೆ ಜಾರುತ್ತಿತ್ತು. ಕನ್ನಡಕ ಅಂಗಿಯ ಜೊತೆ ಗಾಡಿಯಲ್ಲಿತ್ತು. "ಇನ್ನ ಸೋದರಮಾವಂದಿರು. ಹೆಸರು ಹೇಳ್ರಿ" ಎಂದರು ಆಚಾರ್ಯರು. ಬರಬೇಕಾದ ಹೆಸರು ತೀರಿಹೋದ ದೊಡ್ಡಮಾವ ವೆಂಕಟೇಶನದು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. 'ಸೋದರಮಾವ ಶ್ರೀನಿವಾಸ' ಎಂದಿತ್ತು. ಹುಟ್ಟಿದಾಗಿನಿಂದ ಸೀನಮಾಮ ಎಂದೇ ಕರೆದ ನಾಲಿಗೆಗೆ ಶ್ರೀನಿವಾಸ ಯಾರು ಎಂದು ಹೊಳೆಯಲೇ ಇಲ್ಲ. ಓದಿದೆ. ತಾಯಿಯ ಮನೆತನದ ಗೋತ್ರವನ್ನು ಆಚಾರ್ಯರೇ ಸೇರಿಸಿದರು. ಮೂರು ಬೊಗಸೆ ಎಳ್ಳುನೀರನ್ನು ಭಕ್ತಿಯಿಂದ ಬಿಟ್ಟೆ.

"ಮುಂದ?"

"ಡ್ರೈವರ್ ಮಹಬೂಬ್" ಎಂದು ಓದಿದೆ.

ಆಚಾರ್ಯರ ಬಾಯಲ್ಲಿ ಮಂತ್ರ ಅರ್ಧಕ್ಕೆ ನಿಂತಿತು. "ಏನ್ ಸ್ವಾಮಿ, ಕರೆದ್ರ್ಯಾ?" ಎಂದು ಮಹಬೂಬ್ ಮೆಟ್ಟಿಲು ಇಳಿದು ಬಂದ. ನಾನು ಫೋನನ್ನು ಕಣ್ಣಿಗೆ ಹತ್ತಿರ ತಂದು ಹಾಳೆಯನ್ನು ಮೇಲಕ್ಕೆ ಸರಿಸಿದೆ. ನಾನು ಓದುತ್ತಿದ್ದದ್ದು ಬೆಳಿಗ್ಗೆ ಗಾಡಿ ಹತ್ತಿಸಿಕೊಳ್ಳಬೇಕಾದವರ, ಫೋನು ಮಾಡಬೇಕಾದವರ ಪಟ್ಟಿ.

ತಿರುಗಿ ನೋಡಲು ಧೈರ್ಯ ಸಾಲಲಿಲ್ಲ, ಆದರೂ ನೋಡಿದೆ. ಸೀನಮಾಮ ತಲೆಗೆ ಟವೆಲು ಸುತ್ತಿಕೊಂಡು ಮೇಲಿನ ಮೆಟ್ಟಿಲ ಮೇಲೆ ಕೂತಿದ್ದ. ಮುಖ ಸುಣ್ಣವಾಗಿತ್ತು. ಬಲಗೈ ಎದೆಯ ಮೇಲಿತ್ತು.

"ಮೂರು ಸಲ ಕೇಳಿಸ್ಕೊಂಡೀನಿ" ಎಂದ ಮೆಲ್ಲಗೆ. "ಬ್ಯಾರೆ ಯಾವ ಶ್ರೀನಿವಾಸನೋ ಅಂದ್ಕೊಂಡೆ. ಗೋತ್ರಾನೂ ನಂದೇ ಬಂತು."

ಇಂದಿರತ್ತೆ ಗಂಡನ ಪಕ್ಕಕ್ಕೆ ಬಂದು ಕೂತಳು. ಮಾಂಗಲ್ಯವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದ ಅವಳ ನೋಟವನ್ನು ಬರೆಯುವ ಶಕ್ತಿ ನನಗಿಲ್ಲ. ಧೈರ್ಯ ತುಂಬಲೆಂದು ಕರೆತಂದವನನ್ನು, ಹೆಂಡತಿಯ ಎದುರಿಗೇ, ಹೊಳೆಯ ಸಾಕ್ಷಿಯಾಗಿ ಮೇಲಕ್ಕೆ ಕಳಿಸಿಬಿಟ್ಟಿದ್ದೆ. ಅವನ ಎದೆಗೆ ಏನಾದರೂ ಆದರೆ ಎಂಬ ಭಯಕ್ಕೆ ನನ್ನ ಎದೆಯೇ ನಿಲ್ಲುವಂತಿತ್ತು.

ಆಚಾರ್ಯರು ಸಾವರಿಸಿಕೊಂಡು, "ಅದೇನೂ ತಲಪಂಗಿಲ್ರಿ ರಾಯರ. ನೀವು ಅಲ್ಲಿಲ್ಲ, ಇಲ್ಲೇ ಅದೀರಿ" ಎಂದರು.

"ನನಗ ತಲಪಲಿಲ್ಲಂದ್ರ ಯಾರು ಕುಡಿದ್ರು?"

ಆಚಾರ್ಯರು ತಂಬಿಗೆ ಎತ್ತಿಕೊಂಡರು. ಹರಿಸ್ಮರಣೆ ಮಾಡಿಸಿದರು, ತೀರ್ಥ ಪ್ರೋಕ್ಷಿಸಿದರು, ಮೃತ್ಯುದೋಷಕ್ಕೆ ಜಪ ಮಾಡುತ್ತೇನೆ ಎಂದರು. ಮಾಮನ ಬಣ್ಣ ತಿರುಗಲಿಲ್ಲ. ನಾನು ಕಾಲಿಗೆ ಬಿದ್ದೆ. "ಮೊದಲ ಎಳ್ಳುನೀರು ಬಿಡ್ತಿ, ಆಮ್ಯಾಲ ಕಾಲು ಹಿಡೀತಿ" ಎಂದು ಕಾಲು ಎಳೆದುಕೊಂಡ. ಆಮೇಲೆ, "ನಿಮ್ಮ ಯಾರ ಮಾತೂ ನನಗ ಬ್ಯಾಡ. ಸರ್ಕಾರ ಹೇಳ್ಲಿ. ಹ್ಯಾಂಗೂ ಪಿಂಚಣಿಗೆ ಬದುಕೀನಿ ಅಂತ ಈ ತಿಂಗಳು ತೋರಿಸಬೇಕು. ಫೋನಿನಾಗೇ ಆಗತೈತಂತಲ್ಲ. ಈಗ ಮಾಡಿಸು, ಇಲ್ಲೇ" ಎಂದ.

ಸರ್ಕಾರದ ಆ್ಯಪು ಇಳಿಸಿಕೊಂಡೆ. ಅದರಲ್ಲಿ ಮಾಡಿಸಿಕೊಡುವವನು ಮೊದಲು ತನ್ನ ಮುಖ ತೋರಿಸಿ ರುಜುವಾತು ಮಾಡಿಕೊಳ್ಳಬೇಕು, ಆಮೇಲೆಯೇ ಪಿಂಚಣಿದಾರನ ಸರದಿ. ನಾನು ಫೋನನ್ನು ಮುಖಕ್ಕೆ ಹಿಡಿದೆ. ಕಣ್ಣು ಮಿಟುಕಿಸು ಎಂದಿತು. ಮಿಟುಕಿಸಿದೆ. ಮುಖ ಹೊಂದುತ್ತಿಲ್ಲ ಎಂದಿತು. ತಲೆ ಒರೆಸಿಕೊಂಡೆ, ಬಿಸಿಲಿಗೆ ತಿರುಗಿದೆ, ಕನ್ನಡಕ ತರಿಸಿ ಹಾಕಿದೆ, ತೆಗೆದೆ. ಹೊಂದುತ್ತಿಲ್ಲ. ಐದನೆಯ ಸಲಕ್ಕೆ ಮಹಬೂಬ್ ನನ್ನ ಮೊಣಕೈ ಮುಟ್ಟಿ, "ಅತ್ಲಾಗ ಸರೀರಿ ಸ್ವಾಮಿ. ನಮ್ಮಬ್ಬಾಜಾನ್‍ದು, ಓಣ್ಯಾಗಿನ ಮುದುಕರದು ಎಲ್ಲಾ ನಾನೇ ಮಾಡೋದು" ಎಂದು ತನ್ನ ಒಡಕು ಗಾಜಿನ ಫೋನು ತೆಗೆದ. ಕೈಯನ್ನು ಲುಂಗಿಗೆ ಚೆನ್ನಾಗಿ ಒರೆಸಿಕೊಂಡ. ಅವನು ಒಮ್ಮೆ ಕಣ್ಣು ಮಿಟುಕಿಸಿದ, ಸೀನಮಾಮ ಒಮ್ಮೆ ಮಿಟುಕಿಸಿದ. ಅಷ್ಟೆ.

"ಆಯ್ತಜ್ಜಾ. ಪಕ್ಕಾ ಅದೀರಿ. ಇನ್ನೊಂದು ವರ್ಷ ಯಾರೂ ಕೇಳಂಗಿಲ್ಲ."

ಮಾಮ ಆ ಪ್ರಮಾಣಪತ್ರವನ್ನು ಎರಡು ಸಲ ಓದಿಸಿಕೊಂಡ. ಎದೆಯ ಮೇಲಿದ್ದ ಕೈ ಕೆಳಗೆ ಇಳಿಯಿತು. ಇಂದಿರತ್ತೆ ಮಹಬೂಬನ ಫೋನಿಗೆ ಕೈ ಮುಗಿದಳು. ನಾನು ಇದ್ದ ದೇವರನ್ನೆಲ್ಲ ನೆನೆಯುತ್ತ ಮತ್ತೊಮ್ಮೆ ನನ್ನ ಫೋನನ್ನು ಮುಖಕ್ಕೆ ಹಿಡಿದು ನೋಡಿದೆ. ಹೊಂದುತ್ತಿಲ್ಲ ಎಂದಿತು.

ಮಾಮ ಅದನ್ನು ನೋಡಿದ. ಟವೆಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಬೇಸಿಗೆಯಿಂದ ನಾನು ಕಾಣದಿದ್ದ ಹಳೆಯ ಕುಚೋದ್ಯ ಕಣ್ಣಿಗೆ ಬಂತು.

"ನಂದು ಇತ್ಯರ್ಥ ಆತು. ಇವಂದು ಏನೂ ಗ್ಯಾರಂಟಿ ಇಲ್ಲ" ಎಂದ. "ಆಚಾರ್ರ, ಎಳ್ಳು ಉಳದಾವೇನು?"

ಆಚಾರ್ಯರು ಅಭ್ಯಾಸಬಲದಿಂದ ಪೊಟ್ಟಣಕ್ಕೆ ಕೈ ಹಾಕಿಯೇಬಿಟ್ಟರು. ನನ್ನ ಗೋತ್ರ ಅವರಿಗೆ ಆಗಲೇ ಬಾಯಿಪಾಠವಾಗಿತ್ತು.